ಕಾಪುವಿಗೆ ಬಂದ ಮೆಷಿನ್, ಬಿಳಿ ಬಟ್ಟೆಗೆ ಬಂದ ಕಲೆ

ಎಂಬತ್ತರ ದಶಕದಲ್ಲಿ ಕಾಪು ಪೇಟೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ವಯರ್ ಇದ್ದದ್ದೆಲ್ಲ ರೇಡಿಯೋದ ದಾಯಾದಿಗಳೇ ಎಂದು ಊರಿನವರ ನಂಬಿಕೆ. ಹಾಗಾಗಿ ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡೇ ಬರುತ್ತಿದ್ದವು.

1. ಚಾವಡಿಯಲ್ಲಿ ದರ್ಶನ

ಒಂದು ದಿನ ಬ್ಯಾರಿ ಮುಸ್ಲಿಮರ ಮನೆಯೊಂದರಿಂದ ಕರೆ ಬಂತು. ಮಗ ದುಬೈಯಿಂದ ಬಟ್ಟೆ ಒಗೆಯುವ ಮೆಷಿನ್ ಕಳಿಸಿದ್ದ. ಅಂಥದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಹಾಗೆಂದು ಹೇಳಲೂ ಇಲ್ಲ.

ಮೆಷಿನ್ ಚಾವಡಿಯ ನಡುವೆ ಕಸೂತಿ ಬಟ್ಟೆ ಹೊದ್ದು ನಿಂತಿತ್ತು. ಎದುರಿಗೆ ಬೆಂಚು ಹಾಕಿ ನೆರೆಹೊರೆಯವರು ಕೂತಿದ್ದರು. ಸ್ವಿಚ್ ಹಾಕಿದ್ದೇ ತಡ, ದುಂಡು ಗಾಜಿನ ಹಿಂದೆ ಬಟ್ಟೆಗಳು ತಾವಾಗಿಯೇ ಏಳುವುದು, ಬೀಳುವುದು, ನೊರೆಯಲ್ಲಿ ಮುಳುಗುವುದು! ಕಲ್ಲಿಲ್ಲ, ಕೈಯಿಲ್ಲ. ನನಗೆ ರೋಮಾಂಚನವಾಯಿತು. ಬಂದ ಕೆಲಸ ಮರೆತು ನಾನೂ ಬೆಂಚಿನಲ್ಲಿ ಕೂತೆ.

"ನೋಡಲಿಕ್ಕೆ ಚಂದ ಉಂಟು" ಎಂದರು ಮನೆಯ ಉಮ್ಮ, ಆ ಮಗನ ತಾಯಿ. "ಆದರೆ ಬಿಳಿ ಬಟ್ಟೆಗೆಲ್ಲ ಕಂದು ಕಲೆ. ಶುಕ್ರವಾರ ಮಗ ಬರ್ತಾನೆ. ಉಮ್ಮ ಇನ್ನು ಕಲ್ಲಿಗೆ ಬಟ್ಟೆ ಬಡಿಯಬಾರದು ಅಂತ ಕಳಿಸಿದ್ದು ಅವನು. ಇದನ್ನು ನೋಡಿದರೆ ಅವನಿಗೆ ಎಷ್ಟು ಬೇಜಾರಾಗ್ತದೆ!"

"ಸದ್ಯಕ್ಕೆ ಎಂತ ಮಾಡ್ತಿದ್ದೀರಿ?"

"ಮೆಷಿನ್‌ನಲ್ಲಿ ಒಗೆದು, ಕಲೆ ಹೋಗಲಿಕ್ಕೆ ಮತ್ತೆ ಕಲ್ಲಿಗೆ ಬಡಿಯುವುದು."

2. ಹುಳಿ ಚಿಕಿತ್ಸೆ

ಮೊದಲು ಬಾವಿ ನೀರಿನ ಮೇಲೆ ಸಂಶಯಪಟ್ಟು ನಳ್ಳಿಗೆ ಬಟ್ಟೆ ಕಟ್ಟಿದೆ. ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಗೆ ಬೆರಳು ಹಾಕಿದರೆ ಕಂದು ಅಂಟು! "ಗ್ರೀಸ್ ಸೋರ್ತಾ ಉಂಟು" ಎಂದು ಗಂಭೀರವಾಗಿ ಘೋಷಿಸಿದೆ. ಎಲ್ಲ ಒರೆಸಿ, ಹಿತ್ತಾಳೆ ಬೆಳಗುವ ಹುಣಸೆಹುಳಿಯನ್ನೇ ನಂಬಿ, ಬಿಸಿನೀರಲ್ಲಿ ಕಿವುಚಿ ಸೋಸಿ, ಖಾಲಿ ಮೆಷಿನ್‌ಗೆ ಹೊಯ್ದು ತಿರುಗಿಸಿದೆ. ಆಮೇಲೆ ಒಗೆದ ಬಟ್ಟೆ ಹಾಲಿನ ಹಾಗೆ ಬಂತು. ನನ್ನ ಮೇಲೆ ನನಗೇ ಭಕ್ತಿ ಹುಟ್ಟಿತು.

ಅಷ್ಟರಲ್ಲಿ ಮನೆಯ ಯಜಮಾನರು ಹೊರಗಿನಿಂದ ಬಂದು ಮೂಗರಳಿಸಿದರು. "ಮೀನು ಸಾರು ಕೂಡ ಇದರಲ್ಲೇ ಆಗ್ತದಾ?"

3. ಕೊನೆಯ ನೀರು

ಗುರುವಾರ ಮತ್ತೆ ಕರೆ, ಮತ್ತೆ ಕಲೆ. ಮರುದಿನವೇ ಮಗ ಬರುವುದು. "ಉಮ್ಮ, ದಿನಾ ಒಗೆಯುವ ಹಾಗೆಯೇ ಒಗೆಯಿರಿ, ನಾನು ನೋಡ್ತೇನೆ" ಎಂದು ಕೂತೆ.

ಬಟ್ಟೆ ಹಾಕಿದರು, ಸೋಪಿನ ಪುಡಿ ಹಾಕಿದರು, ಎಲ್ಲ ಸರಿ. ಮೆಷಿನ್ ಕೊನೆಯ ನೀರು ತುಂಬಿಕೊಳ್ಳುವಾಗ ಅಡುಗೆಮನೆಯಿಂದ ಒಂದು ಚೆಂಬು ತಂದು ಪುಡಿ ಹಾಕುವ ಡ್ರಾಯರಿಗೆ ಗೊಳಗೊಳ ಸುರಿದರು.

"ಎಂತ ಅದು?"

"ಕುಚ್ಚಲಕ್ಕಿ ಗಂಜಿ. ಬಟ್ಟೆ ಖಡಕ್ಕಾಗಿ ನಿಲ್ಲುವುದು ಬೇಡವಾ?"

"ಮೊನ್ನೆ ನಾನು ಬಂದಾಗ ಹಾಕಲಿಲ್ಲ ಅಲ್ವಾ?"

"ಮೊನ್ನೆ ನೆಂಟರಿದ್ದರು, ತುಪ್ಪದನ್ನ ಮಾಡಿದ್ದೆ. ಗಂಜಿ ಇರಲಿಲ್ಲ."

ನನ್ನ ಗ್ರೀಸ್ ಅಡುಗೆಮನೆಯದ್ದು! ಕೆಂಪು ಅಕ್ಕಿಯ ಗಂಜಿ ರಬ್ಬರಿನ ಮಡಿಕೆಯಲ್ಲಿ ಕೂತು, ಕಂದು ಅಂಟಾಗಿ ಬಟ್ಟೆಗೆ ಮೆತ್ತುತ್ತಿತ್ತು. ಮಡಿಕೆ, ಡ್ರಾಯರು ಎಲ್ಲ ಸಂಜೆಯವರೆಗೆ ತಿಕ್ಕಿದೆ. ಗಂಜಿ ಬೇಕಾದರೆ ಒಗೆದ ಮೇಲೆ ಬಕೆಟ್‌ನಲ್ಲಿ ಅದ್ದಿ, ಮೆಷಿನ್‌ಗೆ ಮಾತ್ರ ಖಂಡಿತ ಬೇಡ ಎಂದೆ.

ಶುಕ್ರವಾರ ಮಗ ಬಂದಾಗ ನಾನೂ ಅಲ್ಲಿದ್ದೆ. ಅಂಗಳದ ಹಗ್ಗದಲ್ಲಿ ಬಿಳಿ ಬಟ್ಟೆಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಅವನು ಅವನ್ನೇ ನೋಡಿ, ತಾಯಿಯ ಕೈ ಹಿಡಿದು, "ಈಗ ಕೈ ನೋಯುವುದಿಲ್ಲ ಅಲ್ವಾ?" ಎಂದ. ಉಮ್ಮನ ಕಣ್ಣು ತುಂಬಿತು. ನನ್ನದೂ.

ಪೆಟ್ಟಿಗೆ ಇಳಿಸುವ ಮೊದಲೇ ಅವನ ಎರಡನೆಯ ಮಾತು: "ಬಿರಿಯಾನಿ ಎಲ್ಲ ಆಮೇಲೆ. ಕುಚ್ಚಲಕ್ಕಿ ಗಂಜಿ ಉಂಟಾ?"

ಉಮ್ಮ ಗಕ್ಕನೆ ನನ್ನ ಕಡೆ ತಿರುಗಿದರು.

"ನೋಡಿ ಮಾರಾಯ್ರೆ! ಗಲ್ಫಿನಿಂದ ಬಂದವರಿಗೆಲ್ಲ ಗಂಜಿಯೇ ಬೇಕು. ಪಾಪ, ಮೆಷಿನ್‌ಗೆ ಮಾತ್ರ ಕೊಡಬಾರದು ಅಂತೀರಲ್ಲ!"