ಗುರಿ ಹುಲ್ಲುಹಾಸು, ಸಾಧನೆ ಕಡಲೆ

ಸಮಿತಿ ಇದ್ದಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಮ್ಮೂರಿನ ಉದ್ಯಾನ ಸಮಿತಿಯಲ್ಲಂತೂ ತಿಂಗಳಿಗೊಂದು ತಪ್ಪದೆ ನಡೆದವು. ತಪ್ಪಿದ್ದು ತಿಂಗಳ ಸಭೆ ಮಾತ್ರ.

ನಮ್ಮದು ನವಲಗುಂದದ ಕಡೆಯ, ಎರಿ ಎಂಬ ಕಪ್ಪು ಮಣ್ಣಿನ ಭೂಮಿಯ ಸಣ್ಣ ಊರು. ಪಟ್ಟಣವೆಂದು ಫಲಕ ಇದೆ. ಫಲಕದ ಕೆಳಗೆ ಎಮ್ಮೆ ಇರುತ್ತದೆ. ನಾವು ಎಂಟು ಹೆಂಗಸರು ದಿನಾ ಬೆಳಿಗ್ಗೆ ಹೆದ್ದಾರಿಯ ಅಂಚಿನಲ್ಲಿ ನಡೆಯಲು ಹೋಗುತ್ತಿದ್ದೆವು. ಒಂದು ದಿನ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ನಮ್ಮಲ್ಲಿ ಇಬ್ಬರನ್ನು ಗಟಾರಕ್ಕೆ ಇಳಿಸಿತು. ಅದೇ ಮಧ್ಯಾಹ್ನ ನಾನು, ನಡೆಯಲು ಒಂದು ಜಾಗ ಬೇಕೆಂದು ಪಟ್ಟಣ ಪಂಚಾಯಿತಿಗೆ ಅರ್ಜಿ ಬರೆದೆ. ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಎಡಗಡೆ ಗೆರೆ ಎಳೆಯದೆ ನಮಗೆ ಹೆಸರು ಬರೆಯಲೂ ಬಿಡುತ್ತಿರಲಿಲ್ಲ. ಅಷ್ಟು ನೇರವಾದ ಅರ್ಜಿ ಆ ಕಚೇರಿಗೆ ಹಿಂದೆಂದೂ ಬಂದಿರಲಿಲ್ಲವೆಂದು ಕಾಣುತ್ತದೆ, ಗಾಬರಿಯಾಗಿ ಎರಡನ್ನು ಕೊಟ್ಟುಬಿಟ್ಟರು: ಹಳೆಯ ಹತ್ತಿ ಗೋದಾಮಿನ ಹಿಂದಿನ ಖಾಲಿ ಜಾಗ, ಮತ್ತು ಉದ್ಯಾನ ಸಮಿತಿಯ ಕಾರ್ಯದರ್ಶಿ ಪದವಿ.

ಜಾಗಕ್ಕೆ ಒಂದು ಷರತ್ತಿತ್ತು. ವರ್ಷದ ಕೊನೆಗೆ ಧಾರವಾಡದಿಂದ ಸಾಹೇಬರು ಬಂದು ಗುರಿ ಎಷ್ಟು, ಸಾಧನೆ ಎಷ್ಟು ಎಂದು ನೋಡುತ್ತಾರೆ. ಸಾರ್ವಜನಿಕರು ಉದ್ಯಾನವನ್ನು ಬಳಸುತ್ತಿದ್ದರೆ ಅದು ಉದ್ಯಾನವಾಗಿಯೇ ಉಳಿಯುತ್ತದೆ. ಇಲ್ಲದಿದ್ದರೆ ಅಲ್ಲಿ ಅಂಗಡಿಗಳ ಸಾಲು, ನಮಗೆ ಮತ್ತೆ ಗಟಾರ. ಅಂಗಡಿ ಸಾಲಿನ ನಕಾಶೆ ಸಮಿತಿಯ ಅಧ್ಯಕ್ಷರ ಕಪಾಟಿನಲ್ಲಿ ಮೊದಲೇ ಸಿದ್ಧವಿತ್ತು. ಉದ್ಯಾನದ ನಕಾಶೆಯನ್ನು ಮಾತ್ರ ನಾನೇ ಬರೆಯಬೇಕಾಯಿತು.

ಗುರಿಗಳು ನಾಲ್ಕು: ಬೆಂಚು, ಹುಲ್ಲುಹಾಸು, ವ್ಯಾಯಾಮದ ಯಂತ್ರ, ನಡೆಯಲು ಕಾಂಕ್ರೀಟಿನ ದಾರಿ.

ಬೆಂಚು

ಬೇಸಿಗೆಯಲ್ಲಿ ಆರು ಸಿಮೆಂಟ್ ಬೆಂಚುಗಳನ್ನು ಕೂಡಿಸಿದರು. ಪಂಚಾಯಿತಿಯ ಎಂಜಿನಿಯರು ಎದೆ ಉಬ್ಬಿಸಿ, "ಬೇಕಾದ್ರ ಪಟ್ಟಿ ಹಚ್ಚಿ ನೋಡ್ರಿ ಬಾಯಾರ," ಎಂದರು. ನಾನು ಮನೆಯಿಂದ ತಂದಿದ್ದ, ಗೆರೆ ಎಳೆಯುವ ಪಟ್ಟಿಯನ್ನು ಹಚ್ಚಿಯೇ ನೋಡಿದೆ. ಅವರು ಅದನ್ನು ನಿರೀಕ್ಷಿಸಿರಲಿಲ್ಲ. ಬೆಂಚುಗಳು ನೇರವಿದ್ದವು.

ಎರಡು ಮಳೆಯಾದವು. ಎರಿ ಮಣ್ಣು ಹಿಟ್ಟಿನಂತೆ ಉಬ್ಬಿತು. ಆರು ಬೆಂಚುಗಳು ಆರು ದಿಕ್ಕಿಗೆ ವಾಲಿದವು.

ಗೇಟಿನ ಬಳಿಯ ಬೆಂಚಿನ ಮೇಲೆ ಇಬ್ಬರು ಹಿರಿಯರು ಕೂಡುತ್ತಿದ್ದರು, ಒಬ್ಬರು ನಿವೃತ್ತ ಮಾಸ್ತರು, ಇನ್ನೊಬ್ಬರು ನಿವೃತ್ತ ಕಂಡಕ್ಟರು. ಹೊಲದ ಬದುವಿನ ಜಗಳದಲ್ಲಿ ಅವರಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಒಬ್ಬರು ಈ ತುದಿ, ಒಬ್ಬರು ಆ ತುದಿ; ನಡುವೆ ಮೂರು ಜನ ಕೂಡುವಷ್ಟು ವೈರ. ಈಗ ಬೆಂಚು ಕಂಡಕ್ಟರ ಕಡೆಗೆ ವಾಲಿತ್ತು. ಮಾಸ್ತರು ಪೇಪರ್ ಓದುತ್ತ ಓದುತ್ತ, ತಮಗೇ ಅರಿವಿಲ್ಲದೆ, ಮೊದಲ ಪುಟದಿಂದ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಕಂಡಕ್ಟರ ತೊಡೆಗೆ ಬಂದು ಮುಟ್ಟಿದರು.

"ಏನ್ರಿ ಮಾಸ್ತರ, ಮೈಮ್ಯಾಲ ಬರಾಕತ್ತೀರಿ?"

"ನಾ ಎಲ್ಲಿ ಬಂದೇನಿ? ಬೆಂಚ ಕಳಿಸೇತಿ."

"ಬದು ಒತ್ತಿದ್ದು ಸಾಲಲಿಲ್ಲ ನಿಮಗ? ಈಗ ಬೆಂಚೂ ಒತ್ತಾಕತ್ತೀರಿ!"

ಜಗಳ ಬಿಡಿಸಿ ನಾನು ಎಂಜಿನಿಯರನ್ನು ಕರೆಸಿದೆ. ಅವರು ಬಗ್ಗಿ ನೋಡಿ, "ಎರಿ ನೆಲಾ ಬಾಯಾರ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ. ಯುಗಾದಿಗೆ ತಾನ ನೆಟ್ಟಗಾಗತಾವ," ಎಂದು ನಡೆದರು. ಆ ತಿಂಗಳ ವರದಿಯಲ್ಲಿ ಸಾಧನೆಯ ಕೆಳಗೆ ಅವರು ಬರೆದ ಸಾಲು ನನ್ನ ಬಳಿ ಇನ್ನೂ ಇದೆ: "ಆರು ಬೆಂಚು ಪೂರ್ಣ. ಹಿರಿಯ ನಾಗರಿಕರು ಪರಸ್ಪರ ಹತ್ತಿರವಾಗುತ್ತಿದ್ದಾರೆ."

ಹುಲ್ಲು

ಮಳೆಗಾಲದ ನಡುವೆ ಧಾರವಾಡದಿಂದ ಲಾರಿಯಲ್ಲಿ ಹುಲ್ಲು ಬಂತು, ಚಾಪೆಯಂತೆ ಸುರುಳಿ ಸುತ್ತಿದ್ದು. ಅದನ್ನು ಹಾಸಿ ಮುಗಿದ ಮೇಲೆ ಉದ್ಯಾನಕ್ಕೆ ಮಾಲಿ ಎಂದು ಮೊರಬದ ಒಬ್ಬ ಹಿರಿಯನನ್ನು ಇಟ್ಟರು. ಆಯುಷ್ಯವೆಲ್ಲ ಹೊಲದಲ್ಲಿ ದುಡಿದವನು. ಉದ್ಯಾನವನ್ನು ನೋಡುತ್ತಿರುವುದು ಇದೇ ಮೊದಲು. ನಾನು ಅವನಿಗೆ ಸೂಚನೆಗಳನ್ನು ಒಂದೊಂದಾಗಿ ಹೇಳಿ, ಅವನಿಂದ ತಿರುಗಿ ಹೇಳಿಸಿದೆ. ನೀರು ದಿನಾ ಬಿಡಬೇಕು. ದನ ಒಳಗೆ ಬರಬಾರದು. ಕಳೆ ಕಾಣಬಾರದು. ಆಮೇಲೆ ತಂಗಿಯ ಮನೆಗೆಂದು ಹತ್ತು ದಿನ ಬೆಳಗಾವಿಗೆ ಹೋದೆ.

ತಿರುಗಿ ಬಂದು ನೋಡಿದರೆ ಉದ್ಯಾನ ಶಾಲೆ ಮಕ್ಕಳ ಪಾಟಿಯಂತೆ ಕಪ್ಪಗಿತ್ತು. ಒಂದು ಹಸಿರು ಎಳೆ ಇರಲಿಲ್ಲ. ಮಾಲಿ ಬೆವರು ಒರೆಸಿಕೊಳ್ಳುತ್ತ, ಪ್ರಥಮ ಶ್ರೇಣಿಯಲ್ಲಿ ಪಾಸಾದವನಂತೆ ನಿಂತಿದ್ದ.

"ಹುಲ್ಲೆಲ್ಲಿ?" ಎಂದೆ.

"ತಗದೇನ್ರಿ ಬಾಯಾರ. ಒಂದ ಬೇರ ಬಿಟ್ಟಿಲ್ಲ. ಅಗದಿ ಸ್ವಚ್ಛ!"

"ಅದು ಕಳೆ ಅಲ್ಲಪಾ! ನಾವು ಹಚ್ಚಿದ ಹುಲ್ಲು!"

ಅವನು ನನ್ನನ್ನು ಕನಿಕರದಿಂದ ನೋಡಿದ. ಅವನ ಲೆಕ್ಕದಲ್ಲಿ ಅದು ಹೊಲದ ಗರಿಕೆ. "ಕರಕಿ ಯಾರರ ಹಚ್ಚತಾರೇನ್ರಿ? ಕರಕಿ ಕಿತ್ತ ಕಿತ್ತ ನಮ್ಮಪ್ಪನ ನಡಾ ಬಗ್ಗಿ ಹೋತು. ಹೊಲದಾಗ ಕರಕಿ ಬಿಟ್ಟವಗ ನಮ್ಮೂರಾಗ ಹೆಣ್ಣ ಕೊಡೂದಿಲ್ಲರಿ."

"ಇದು ಹೊಲ ಅಲ್ಲ, ಉದ್ಯಾನ. ಅಷ್ಟು ದೂರದಿಂದ ಲಾರಿಯೊಳಗ ತರಿಸಿದ್ದು ಅದು!"

ಇದನ್ನು ಕೇಳಿ ಅವನು ಕಳೆ ಕೀಳುವ ಕುರ್ಪಿಯನ್ನು ಕೆಳಗಿಟ್ಟುಬಿಟ್ಟ. "ಕರಕಿ ತರಾಕ ಧಾರವಾಡಕ್ಕ ಹೋಗಿದ್ರ್ಯಾ? ನನಗ ಒಂದ ಮಾತ ಹೇಳಬಾರದಿತ್ತರಿ? ನಮ್ಮ ಬಾಜೂದ ಹೊಲದವಗ ಹೇಳಿದ್ರ ಗಾಡಿ ತುಂಬಿ ಕಳಸತಿದ್ದ. ಮ್ಯಾಲ ನಿಮ್ಮ ಸಮಿತಿಗೆಲ್ಲಾ ಹೋಳಿಗಿ ಊಟಾ ಹಾಕತಿದ್ದ."

ವ್ಯಾಯಾಮ

ಮೂರನೆಯ ಗುರಿ ಬೇಗ ಮುಟ್ಟಿತು. ಹಳದಿ ಬಣ್ಣದ ನಾಲ್ಕು ಯಂತ್ರಗಳು ಬಂದವು: ತಿರುವುವುದು ಒಂದು, ತುಳಿಯುವುದು ಒಂದು, ಜಗ್ಗುವುದು ಒಂದು. ನಾಲ್ಕನೆಯದು ಏತಕ್ಕೆಂದು ಎಂಜಿನಿಯರಿಗೂ ಗೊತ್ತಿರಲಿಲ್ಲ. ನಾವು ಎಂಟು ಹೆಂಗಸರು ಬೂಟು ಹಾಕಿಕೊಂಡು, ಸೆರಗು ಸಿಕ್ಕಿಸಿಕೊಂಡು, ಶಿಸ್ತಿನಿಂದ ವ್ಯಾಯಾಮ ಶುರುಮಾಡಿದೆವು.

ಒಂದು ಬೆಳಿಗ್ಗೆ ಶಲವಡಿ ಕಡೆಯಿಂದ ಕಳೆ ತೆಗೆಯಲು ಹೊರಟಿದ್ದ ಹೆಣ್ಣಾಳುಗಳು ಗಾಡಿ ಕಾಯುತ್ತ ಗೇಟಿನೊಳಗೆ ಬಂದು ಕೂತರು. ಅವರಲ್ಲಿ ಒಬ್ಬ ಹಿರಿಯಳು ನಾನು ಚಕ್ರ ತಿರುವುವುದನ್ನು ಬಹಳ ಹೊತ್ತು ನೋಡಿದಳು. ಚಕ್ರದ ಕೆಳಗೆ ಬಗ್ಗಿ ನೋಡಿದಳು. ಹಿಂದೆ ಹೋಗಿಯೂ ನೋಡಿದಳು.

"ಬಾಯಾರ, ಇಷ್ಟೊತ್ತಿನಿಂದ ತಿರುವಾಕತ್ತೀರಿ. ಹಿಟ್ಟ ಎಲ್ಲಿಂದ ಬೀಳತೈತ್ರಿ?"

"ಹಿಟ್ಟು ಬೀಳೂದಿಲ್ಲವಾ. ಇದು ಬರೇ ತಿರುವೂದು."

"ನೀರರ ಬರತಾವೇನು?"

"ಏನೂ ಬರೂದಿಲ್ಲ. ಮೈ ಬೆವರಬೇಕು, ಅಷ್ಟ."

ಅವಳು ತನ್ನ ಜೊತೆಯವರ ಕಡೆಗೆ ತಿರುಗಿ, "ಬೆವರಾಕ ಬಂದಾರಂತ ನೋಡ್ರೇ," ಎಂದಳು. ಆಮೇಲೆ ಬಹಳ ಅಂತಃಕರಣದಿಂದ ನನ್ನ ಕೈ ಹಿಡಿದಳು. "ಹಂಗಿದ್ರ ನಮ್ಮ ಜೋಡಿ ಬರ್ರಿ ಬಾಯಾರ. ಅಗದಿ ಛಂದಂಗ ಬೆವರತೀರಿ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಲೆ ನಾ ಕೊಡತೇನಿ."

ನಮ್ಮ ಏಳು ಮಂದಿ ನಕ್ಕರು. ಅದರಲ್ಲಿ ಇಬ್ಬರು ಎಷ್ಟು ಹೊತ್ತಿಗೆ ಹೊರಡುವುದೆಂದು ಕೇಳಿದ್ದು ನನಗೆ ಹಿಡಿಸಲಿಲ್ಲ.

ಬೀಗ

ದಸರೆಯ ಸುಮಾರಿಗೆ ಕಾಂಕ್ರೀಟಿನ ದಾರಿಯೂ ಮುಗಿಯಿತು. ಮರುದಿನ ನಡೆಯಲು ಹೋದರೆ ಗೇಟಿಗೆ ಬೀಗ. ಅಧ್ಯಕ್ಷರ ಮನೆಗೇ ಹೋದೆ.

"ಜನ ಬಂದ್ರ ಹೊಲಸ ಮಾಡತಾರ ಬಾಯಾರ," ಎಂದರು ಅಧ್ಯಕ್ಷರು. "ಸಾಹೇಬರು ಬರೂತನಕ ಸ್ವಚ್ಛ ಇರಲಿ."

"ಜನ ಬರದಿದ್ರ ಬಳಕೆ ಇಲ್ಲಂತ ಸಾಹೇಬರು ಬರಕೊಂಡು ಹೋಗತಾರ್ರಿ."

ಅಧ್ಯಕ್ಷರು ನಕ್ಕರು. ಅವರಿಗೆ ಅಷ್ಟೊಂದು ಹಲ್ಲುಗಳಿವೆಯೆಂದು ನನಗೆ ಅಂದೇ ಗೊತ್ತಾದದ್ದು.

ಗೋಡೆ ನನಗಿಂತ ಎತ್ತರ. ಹತ್ತಿ ಇಣುಕುವುದು ನನ್ನಿಂದಾಗದ ಮಾತು. ನಾವು ಮತ್ತೆ ಹೆದ್ದಾರಿಗೆ ಹೋದೆವು, ಟ್ರ್ಯಾಕ್ಟರುಗಳೂ ಬಂದವು. ನಾನು ಧಾರವಾಡಕ್ಕೆ ಪತ್ರ ಬರೆದೆ, ಉತ್ತರವಿಲ್ಲ. ಇನ್ನೊಂದು ಬರೆದೆ. ಐದನೆಯ ಪತ್ರಕ್ಕೆ ಬೀಗ ತೆಗೆಯಲು ಆದೇಶ ಬಂತು. ಅಷ್ಟರಲ್ಲಿ ಸಂಕ್ರಾಂತಿ ಮುಗಿದಿತ್ತು.

ಗೇಟು ತೆರೆದರೆ ಮೊಣಕಾಲುದ್ದ ಕಡಲೆ! ಹುಲ್ಲುಹಾಸಿನ ಜಾಗದ ತುಂಬ, ಸಾಲು ಹಿಡಿದು, ಕಾಯಿ ಕಟ್ಟಿ ನಿಂತಿತ್ತು. ಸಾಲುಗಳು ಮಾತ್ರ ನೇರವಿದ್ದವು; ಅದನ್ನು ಒಪ್ಪಲೇಬೇಕು. ಇನ್ನೊಂದು ಬೀಗದ ಕೈ ಮಾಲಿಯ ಹತ್ತಿರ ಇದ್ದದ್ದು ನನಗೆ ನೆನಪೇ ಆಗಿರಲಿಲ್ಲ.

"ಬಯ್ಯಬ್ಯಾಡ್ರಿ ಬಾಯಾರ," ಎಂದ ಮಾಲಿ. "ಹಿಂಗಾರಿ ಹದಾ ಬಂದಿತ್ತು. ಬರೇ ನೆಲಾ ನೋಡಿ ನಿದ್ದಿ ಹತ್ತಲಿಲ್ಲ."

ಎರಡೇ ದಿನದಲ್ಲಿ ಹಸಿ ಕಡಲೆಯ ಸುದ್ದಿ ಓಣಿಗೆಲ್ಲ ಮುಟ್ಟಿತು. ಕಡಲೆ ತಿನ್ನಲು ಬಂದವರು ಕಾಂಕ್ರೀಟಿನ ದಾರಿಯನ್ನು ಕಂಡರು. ಧೂಳಿಲ್ಲ, ಮಣ್ಣಿಲ್ಲ, ದಿನವಿಡೀ ಬಿಸಿಲು. ವಾರದೊಳಗೆ ದಾರಿಯ ಉದ್ದಕ್ಕೂ ಮೆಣಸಿನಕಾಯಿ ಒಣಗತೊಡಗಿತು. ನಾನು ಸುಂದರವಾದ ಅಕ್ಷರದಲ್ಲಿ ಒಂದು ಸೂಚನೆ ಬರೆದು ಗೇಟಿಗೆ ಅಂಟಿಸಿದೆ: ಇಲ್ಲಿ ಏನನ್ನೂ ಒಣಹಾಕಬಾರದು. ಮರುದಿನ ಅದು ಗೇಟಿನಲ್ಲಿ ಇರಲಿಲ್ಲ. ದಾರಿಯ ಮೇಲಿತ್ತು. ಅದರ ಮೇಲೆ ಬೀಜದ ಮೆಣಸಿನಕಾಯಿ ಒಣಗುತ್ತಿತ್ತು.

ತಪಾಸಣೆ

ಸಾಹೇಬರು ಬರುವ ದಿನ ನಾನು ಹೊತ್ತು ಮೂಡುವ ಮೊದಲೇ ಹೋದೆ. ದಾರಿ ಖಾಲಿಮಾಡಬೇಕೆಂದು ಎಲ್ಲರಿಗೂ ಹೇಳಿದೆ. ಎಲ್ಲರಿಗಿಂತ ದೊಡ್ಡ ರಾಶಿ ಹಾಕಿದ್ದ ಗೋದಾಮಿನ ಓಣಿಯ ಅಜ್ಜಿ ಅಲ್ಲಾಡಲಿಲ್ಲ.

"ಇನ್ನ ಎರಡ ಬಿಸಲ ಬೇಕ ಬೇ. ನಿಮ್ಮ ಸಾಹೇಬಗ ನಾಡದ ಬಾ ಅನ್ನು."

ಸಾಹೇಬರು ಅಂದೇ ಬಂದರು. ಬಂದವರು ಗೇಟಿನೊಳಗೆ ಕಾಲಿಟ್ಟರು, ಸೀನಿದರು. ಎರಡು ಹೆಜ್ಜೆ ಇಟ್ಟರು, ನಾಲ್ಕು ಸಲ ಸೀನಿದರು. ಕೆಂಪು ದಾರಿ. ಹಸಿರು ಕಡಲೆಯಲ್ಲಿ ಬಗ್ಗಿದ ಓಣಿಯ ಜನ. ತಿರುವುವ ಯಂತ್ರಕ್ಕೆ ರೊಟ್ಟಿಗಂಟು ಕಟ್ಟಿ ಕೂತ ಹೆಣ್ಣಾಳುಗಳು. ನಾಲ್ಕನೆಯ ಯಂತ್ರಕ್ಕೆ ಕೊನೆಗೂ ಉಪಯೋಗ ಸಿಕ್ಕಿತ್ತು. ಅದರ ಮೇಲೆ ನಿಂತು ಒಬ್ಬಳು ಕಾಳು ತೂರುತ್ತಿದ್ದಳು. ಗೇಟಿನ ಬೆಂಚಿನ ಮೇಲೆ ಮಾಸ್ತರು ಮತ್ತು ಕಂಡಕ್ಟರು ಹೆಗಲಿಗೆ ಹೆಗಲು ಕೊಟ್ಟು, ಕಡಲೆಗೆ ನುಗ್ಗುವ ಆಡುಗಳನ್ನು ಒಂದೇ ಕೋಲಿನಿಂದ ಸರದಿಯ ಮೇಲೆ ಓಡಿಸುತ್ತಿದ್ದರು.

ವರ್ಷದ ಶ್ರಮ ಮುಗಿಯಿತೆಂದುಕೊಂಡೆ. ಎಂಟು ಹೆಂಗಸರಿಗೆ ಇನ್ನು ಗಟಾರವೇ ಗತಿ.

ಅಧ್ಯಕ್ಷರ ಮುಖ ಅರಳಿತ್ತು. "ನೀವ ನೋಡ್ರಿ ಸಾಹೇಬ್ರ. ಇದು ಉದ್ಯಾನ ಏನ್ರಿ? ಅದಕ್ಕ ನಾ ಮದಲಿಂದ ಹೇಳತೇನಿ, ಅಂಗಡಿ ಸಾಲ ಅಂತ..." ಎಂದು ಎಂಜಿನಿಯರಿಗೆ ಸನ್ನೆ ಮಾಡಿದರು. ಎಂಜಿನಿಯರು ನಕಾಶೆಯ ಸುರುಳಿಯನ್ನು ಬಿಚ್ಚಿ, ಬೇರೆ ಜಾಗ ಕಾಣದೆ, ಅಜ್ಜಿಯ ಮೆಣಸಿನಕಾಯಿಯ ಮೇಲೆಯೇ ಹರಡಿದರು.

ಅಜ್ಜಿ ಎದ್ದಳು. "ನನ್ನ ಮೆಣಸಿನಕಾಯಿ ಮ್ಯಾಲ ಯಾವನ್ದಲೇ ಅಂಗಡಿ?"

ಬಗ್ಗಿದ್ದವರೆಲ್ಲ ನೆಟ್ಟಗಾದರು. ತೂರುವವಳು ಮೊರ ಕೆಳಗಿಳಿಸಿದಳು. ಕಂಡಕ್ಟರು ಕೋಲನ್ನು ಮಾಸ್ತರಿಗೆ ಕೊಟ್ಟರು, ಮಾಸ್ತರು ಅದನ್ನು ಹಿಡಿದು ಎದ್ದರು. ಎಲ್ಲರೂ ಬಂದು ಅಧ್ಯಕ್ಷರ ಸುತ್ತ ನಿಂತರು. ಅಧ್ಯಕ್ಷರು ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿಯೂ ಮೆಣಸಿನಕಾಯಿ ಇತ್ತು. "ಕಾಲ ತಗೀ!" ಎಂದು ಇನ್ನೊಬ್ಬಳು ಕೂಗಿದಳು.

ಸಾಹೇಬರು ಕರವಸ್ತ್ರದ ಹಿಂದಿನಿಂದ ಅಜ್ಜಿಯನ್ನು ಕೇಳಿದರು: "ನೀವೆಲ್ಲಾ ಇಲ್ಲಿ ದಿನಾ ಬರತೀರೇನು?"

"ದಿನಾ ಬರತೇವು. ಹೊತ್ತ ಮುಳಗೂತನಕ ಇರತೇವು. ಯಾರಪ್ಪ ಬಂದ್ರೂ ಬಿಡಂಗಿಲ್ಲ."

ಸಾಹೇಬರು ನನ್ನ ಕಡೆ ನೋಡಿದರು. ಸುಳ್ಳು ಹೇಳುವುದು ನನ್ನ ಸಂಸ್ಕಾರದಲ್ಲಿಲ್ಲ. ಅಂದು ಹೇಳುವ ಅಗತ್ಯವೂ ಬೀಳಲಿಲ್ಲ. "ಸಾರ್ವಜನಿಕರು," ಎಂದೆ. "ಬಳಸುತ್ತಿದ್ದಾರೆ." ಬೀಗ ತೆಗೆದಂದಿನಿಂದ ಯಾರನ್ನು ಹೊರಗೆ ಹಾಕಲು ಹೆಣಗಿದ್ದೆನೋ ಅವರ ಪರವಾಗಿ ನಾನಾಡಿದ ಮೊದಲ ಮಾತು ಅದು.

ಅವರು ಎರಡು ಸೀನುಗಳ ನಡುವೆ ಬರೆದರು: "ಬಳಕೆ ಅತ್ಯಧಿಕ. ಉದ್ಯಾನವನ್ನು ಮುಂದುವರಿಸುವುದು." ಎಂಜಿನಿಯರು ನಕಾಶೆಯನ್ನು ಸುತ್ತತೊಡಗಿದರು. ಅಜ್ಜಿ ಅದನ್ನು ಕಸಿದುಕೊಂಡು ಜಾಡಿಸಿ, ಅದರಿಂದ ಉದುರಿದ ಬೀಜಗಳನ್ನು ಆರಿಸಿಕೊಂಡ ಮೇಲೆಯೇ ತಿರುಗಿ ಕೊಟ್ಟಳು.

ತಪಾಸಣೆಯ ವರದಿಯಲ್ಲಿ ಒಂದೇ ಕಲಂ ಉಳಿದಿತ್ತು. "ಮುಂದಿನ ವರ್ಷದ ಗುರಿ?" ಎಂದರು ಸಾಹೇಬರು. ಅಧ್ಯಕ್ಷರು ಚಪ್ಪಲಿಗೆ ಅಂಟಿದ ಮೆಣಸಿನ ಬೀಜ ಕೆರೆಯುತ್ತಿದ್ದರು. ಎಂಜಿನಿಯರು ಬೆಂಚುಗಳ ಕಡೆ ನೋಡಿ ನಕಾಶೆಯನ್ನು ಕಂಕುಳಿಗೆ ಸೇರಿಸಿದರು. ನಾನು ಹುಲ್ಲುಹಾಸು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮಾಲಿ ಕೈಮುಗಿದು ಮುಂದೆ ಬಂದ.

"ಗೋಧಿ ರೀ ಸಾಹೇಬ್ರ. ಒಂದ ನೆಲಕ್ಕ ಎರಡ ವರ್ಷ ಕಡ್ಲಿ ಹಾಕಿದ್ರ ರೋಗ ಹತ್ತತೈತಿ."

ನಾನು ಕಣ್ಣು ಮುಚ್ಚಿಕೊಂಡೆ. ಸಾಹೇಬರು ಪೆನ್ನನ್ನು ಕಾಗದದ ಮೇಲಿಟ್ಟು, ತಲೆ ಎತ್ತದೆ ಕೇಳಿದರು:

"ಯಾವ ತಳಿ?"