ಜಾಹೀರಾತು ಕೊಡ್ರಿ, ಲಾರಿ ಬ್ಯಾಡ

ಜಾಹೀರಾತು ಕೇಳಲು ಹೋದವನಿಗೆ ಜಾಹೀರಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಚಹಾ ಸಿಗುತ್ತದೆ, ಒಗ್ಗರಣೆ ಮಿರ್ಚಿ ಸಿಗುತ್ತದೆ, ಬುದ್ಧಿಮಾತು ಬೇಡವೆಂದರೂ ಸಿಗುತ್ತದೆ. ಎದ್ದು ಹೊರಡುವಾಗ "ನಮ್ಮ ಹುಡುಗನ ಕಂಪ್ಯೂಟರ್ ಯಾಕೋ ಗೊರ್ ಅಂತೈತಿ, ಒಂದೀಟು ನೋಡ್ರಲ್ಲ" ಅನ್ನುವ ಪುಕ್ಕಟೆ ಕೆಲಸವೂ ಸಿಗುತ್ತದೆ. ನನಗೆ ಇವೆಲ್ಲ ಧಾರಾಳವಾಗಿ ಸಿಕ್ಕಿವೆ.

ಬಳ್ಳಾರಿಯಲ್ಲಿ ಅದಿರಿನ ದುಡ್ಡು ಓಡಾಡುತ್ತಿದ್ದ ಕಾಲ ಅದು. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಪಂಚೆ ಅದಿರಿನ ಕೆಂಧೂಳಿಗೆ ಸಂಜೆಯಷ್ಟರಲ್ಲಿ ಕಾವಿಯಾಗುತ್ತಿತ್ತು. ಹಾಲು ಹಾಕುವವನೂ ಲಾರಿ ಕೊಂಡಿದ್ದ, ಹಾಲು ಹಾಕಿಸಿಕೊಳ್ಳುವವನೂ ಕೊಂಡಿದ್ದ. ನಾನು ಮಾತ್ರ ಒಂದು ಕಂಪ್ಯೂಟರ್ ಕಲಿಸುವ ಸೆಂಟರಿನಲ್ಲಿ ಪಾಠ ಹೇಳುತ್ತಾ, ಮನೆಗೆ ಬಂದು ಮೊಬೈಲು, ಕಂಪ್ಯೂಟರುಗಳ ಬಗ್ಗೆ ಕನ್ನಡದಲ್ಲಿ ಬ್ಲಾಗು ಬರೆಯುತ್ತಿದ್ದೆ. ಅದರ ಮೇಲೆ ನನಗೆ ಹುಚ್ಚು ಪ್ರೀತಿ. ಒಬ್ಬ ಓದುಗ ಹೆಚ್ಚಾದರೆ ಮನೆಯಲ್ಲಿ ಪಾಯಸ ಮಾಡಿಸುವಷ್ಟು ಪ್ರೀತಿ.

ಪಾಯಸ ಮಾಡಿ ಮಾಡಿ ಸಾಕಾಗಿ ನನ್ನ ಹೆಂಡತಿ ಒಂದು ದಿನ ತೀರ್ಪು ಕೊಟ್ಟಳು. "ದೀಪಾವಳಿ ಒಳಗ ರೊಕ್ಕ ಕೊಡೋ ಜಾಹೀರಾತು ಒಂದಾರ ಬರಲಿ. ಬರಲಿಲ್ಲಂದ್ರ ಬ್ಲಾಗು ಬಂದ್ ಮಾಡಿ ನಮ್ಮಣ್ಣನ ಲಾರಿ ಆಫೀಸಿಗೆ ಹೋಗಾಕ ಸುರು ಮಾಡ್ರಿ."

ಅವಳ ಅಣ್ಣನ ಬಳಿ ಎರಡು ಲಾರಿಗಳಿದ್ದವು. ಆಫೀಸಿನಲ್ಲಿ ಕೂರಲು ನಂಬಿಕಸ್ಥ ಮನುಷ್ಯ ಬೇಕಾಗಿತ್ತು. ಆ ಆಫೀಸನ್ನು ನಾನು ನೋಡಿದ್ದೆ. ಒಂದು ಟೇಬಲ್ಲು, ಒಂದು ಫೋನು, ಫೋನಿನಲ್ಲಿ ಇಡೀ ದಿನ "ಗಾಡಿ ಎಲ್ಲೈತಿ ಲೇ?" ಎಂಬ ಒಂದೇ ಪ್ರಶ್ನೆ. ಅಲ್ಲಿ ಕೂತು ಜನ್ಮ ಸವೆಸುವುದೆಂದರೆ ನನಗೆ ಎದೆ ಝಲ್ ಎನ್ನುತ್ತಿತ್ತು. ಅಂದೇ ಜಾಹೀರಾತಿನ ಬೇಟೆಗೆ ಇಳಿದೆ.

ಬಿಳಿ ಹಾರಿಸುವ ಮಷಿನ್ನು

ಮೊದಲು ಕೈ ಹಾಕಿದ್ದು ಪರದೇಶದ ಒಂದು ಕಂಪನಿಗೆ. ಅದರ ಬಳಿ ಹೆಸರು ನೋಂದಾಯಿಸಿದರೆ ಸಾಕು, ಜಾಹೀರಾತು ತಾನಾಗಿಯೇ ಬಂದು ಬ್ಲಾಗಿನ ಬದಿಯಲ್ಲಿ ಕೂರುತ್ತದೆ. ಓದುಗರು ಅದನ್ನು ಒತ್ತಿದಾಗಲೆಲ್ಲ ನಮಗೆ ನಾಲ್ಕು ಕಾಸು. ಒಂದೇ ತೊಂದರೆಯೆಂದರೆ ಆ ಕಂಪನಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಏನು ಬರೆದಿದ್ದೇನೆಂದು ತಿಳಿಯದೆ ಕೈಗೆ ಸಿಕ್ಕ ಜಾಹೀರಾತನ್ನು ತಂದು ಅಂಟಿಸುತ್ತಿತ್ತು.

ಕಂಪ್ಯೂಟರಿನೊಳಗೆ ಕೆಂಧೂಳು ಹೋಗದಂತೆ ಕಾಪಾಡುವುದು ಹೇಗೆಂದು ನಾನು ಬರೆದಿದ್ದೆ. ಅದರ ಪಕ್ಕದಲ್ಲಿ ನನ್ನ ಬಾಳಿನ ಮೊಟ್ಟಮೊದಲ ಜಾಹೀರಾತು ಮೂಡಿತು. ಕಂಬಳಿಯಂಥ ಕೋಟು ತೊಟ್ಟ ದೊರೆಯೊಬ್ಬ ಮಷಿನ್ನು ತಳ್ಳುತ್ತಿದ್ದಾನೆ, ಅದರ ಮೂತಿಯಿಂದ ಬೆಳ್ಳಗಿನದೇನೋ ಬುಗ್ಗೆಯಾಗಿ ಹಾರುತ್ತಿದೆ. ಹಿಮ ಬಾಚುವ ಯಂತ್ರ! ಬಳ್ಳಾರಿಯಲ್ಲಿ! ಆದರೂ ನನಗೆ ಹಿಗ್ಗೋ ಹಿಗ್ಗು. ಪಕ್ಕದ ಮನೆಯ ಯಜಮಾನರನ್ನು ಕೈಹಿಡಿದು ಕರೆತಂದು ತೋರಿಸಿದೆ. ಅವರು ಹತ್ತಿ ವ್ಯಾಪಾರದಲ್ಲಿ ತಲೆ ಹಣ್ಣಾದವರು.

ಕನ್ನಡಕ ಏರಿಸಿ ನೋಡಿದವರು ಕುರ್ಚಿಯಿಂದ ಎದ್ದೇಬಿಟ್ಟರು. "ಯಪ್ಪಾ! ಏನ್ ಹತ್ತಿ ಬಿಡಿಸ್ತೈತ್ರಿ ಮಷಿನ್ನು! ಎಲ್ಲಿ ಸಿಗತೈತಿ?"

"ಅದು ಹತ್ತಿ ಅಲ್ರಿ, ಹಿಮ. ಅವರ ದೇಶದಾಗ ರೋಡಿನ ಮ್ಯಾಲ ಐಸ್ ಬೀಳತೈತಿ. ಬಾಚಿ ಒಗಿಯಾಕ ಈ ಮಷಿನ್ನು."

ಯಜಮಾನರು ಹಣೆಯ ಬೆವರು ಒರೆಸಿಕೊಂಡರು. ಮತ್ತೊಮ್ಮೆ ಆ ಚಿತ್ರವನ್ನು ದಿಟ್ಟಿಸಿದರು. "ಐಸ್ ಒಗಿಯಾಕ ಮಷಿನ್ನು ಬ್ಯಾರೆ ಕೊಳ್ತಾರಾ? ಹುಚ್ಚರಿದ್ದಾರ. ಒಗಿಬ್ಯಾಡ್ರಿ ಅಂತ ಒಂದು ಮಾತು ಬರೀರಿ. ಅದಿರು ಇಳಿಸಿ ಬರೋ ಖಾಲಿ ಲಾರಿಯಾಗ ಹಾಕಿಸಿ ಇತ್ತಾಗ ಕಳಸಲಿ, ನಮ್ಮ ಓಣಿಗೆ ಅಷ್ಟ ಸಾಕು."

ಮುಯ್ಯಿ

ನನ್ನ ಸೋದರಮಾವನದು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಅವರ ಮನೆಯ ಕಾರ್ಯಕ್ರಮವೊಂದಕ್ಕೆ ಹೋದಾಗ ನನ್ನ ಸಂಕಟ ತೋಡಿಕೊಂಡೆ. ಜಾಹೀರಾತು ಬಂದಿದೆ, ಒತ್ತುವವರೇ ಇಲ್ಲ ಎಂದೆ. ಮಾವ ಊಟದ ಎಲೆಯಿಂದ ತಲೆ ಎತ್ತಿದರು.

"ಒತ್ತಿದ್ರ ನಿನಗ ರೊಕ್ಕ ಬರತೈತಾ?"

"ಬರತೈತಿ ಮಾವ."

"ಅಷ್ಟನಾ? ಮೊದಲ ಹೇಳಬಾರದಾ ಲೇ!"

ಮುಂದಿನ ಭಾನುವಾರ ನಾನು ಬಳ್ಳಾರಿಯಲ್ಲಿ ಕೂತು ನೋಡುತ್ತೇನೆ, ಕಾಸಿನ ಲೆಕ್ಕ ಏರುತ್ತಿದೆ! ಒಮ್ಮೆ ಏರಿತು, ಮತ್ತೆ ಏರಿತು, ನಿಲ್ಲುವ ಮಾತೇ ಇಲ್ಲ. ಹೆಂಡತಿಯನ್ನು ಕೂಗಿ ಕರೆದೆ. ಇಬ್ಬರೂ ಬೆರಗಾಗಿ ನಿಂತೆವು. ನಾನಂತೂ ಲುಂಗಿ ಎತ್ತಿ ಕಟ್ಟಿ ಒಂದು ಹೆಜ್ಜೆ ಕುಣಿದೆ. ಅಮೆರಿಕದಲ್ಲಿ ಯಾರೋ ನನ್ನ ಬ್ಲಾಗನ್ನು ಕಂಡುಹಿಡಿದರೆಂದೇ ನನ್ನ ನಂಬಿಕೆ.

ಕಂಡುಹಿಡಿದದ್ದು ಸಿರುಗುಪ್ಪ. ಮಾವ ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್‌ನೆಟ್ ಸೆಂಟರನ್ನು ಇಡೀ ಮಧ್ಯಾಹ್ನಕ್ಕೆ ಗೊತ್ತು ಮಾಡಿ, ಬಂಧು ಬಳಗವನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಕರೆತಂದಿದ್ದರು. ಅತ್ತೆಯರು ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು ಸಾಲಿನಲ್ಲಿ ನಿಂತಿದ್ದರಂತೆ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಓದುವಾಗ ಯಾರು ಎಷ್ಟು ಹಾಕಿದರೆಂದು ಕೂಗಿ ಹೇಳುವುದುಂಟು. ಗಿರಣಿಯ ಗುಮಾಸ್ತರು ಬಾಗಿಲಲ್ಲಿ ನಿಂತು ಅದನ್ನೂ ಬಿಡಲಿಲ್ಲ. "ಸಿರಿಗೇರಿ ಚಿಗವ್ವನ ಕಡಿಯಿಂದ ಹತ್ತು ಒತ್ತು! ಬೀಗರ ಕಡಿಯಿಂದ ಇಪ್ಪತ್ತು ಒತ್ತು!" ಬೀಗರು ಇಪ್ಪತ್ತು ಒತ್ತಿದರೆಂದು ಚಿಗವ್ವ ಅವಮಾನ ತಾಳದೆ ಮತ್ತೆ ಸಾಲಿಗೆ ನಿಂತಳಂತೆ.

ಎರಡೇ ದಿನ. ಕಂಪನಿಯಿಂದ ಇ-ಮೇಲು ಬಂತು. ಒಂದೇ ಊರಿನ ಒಂದೇ ಕೋಣೆಯಿಂದ ಇಷ್ಟೊಂದು ಒತ್ತು ಬಿದ್ದದ್ದು ಅನುಮಾನಕ್ಕೆ ಎಡೆಮಾಡಿದೆ, ನಿಮ್ಮ ಖಾತೆ ರದ್ದು, ಬಂದ ಕಾಸೂ ರದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಅಳು ಬಂದದ್ದು ನಿಜ. ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ದೀಪಾವಳಿ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದಳು.

ಮಾವನಿಗೆ ಫೋನು ಮಾಡಿ ವಿಷಯ ಹೇಳಿದೆ. ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಮುಯ್ಯಿ ತಗೊಳ್ಳಂಗಿಲ್ಲಂದ್ರ ಲಗ್ನಪತ್ರಿಕೆದಾಗ ಮೊದಲ ಅಚ್ಚು ಹಾಕಸಬೇಕು, 'ಉಡುಗೊರೆ ಸ್ವೀಕರಿಸುವುದಿಲ್ಲ' ಅಂತ. ಉಂಡು ಎದ್ದ ಮ್ಯಾಲ ಹೇಳ್ತಾರಾ? ಯಾವೂರ ಸಂಸ್ಕಾರ ಇದು?"

ನಾಲ್ಕು ಬೈ ಆರು

ಪರದೇಶದವರ ಸಹವಾಸ ಸಾಕೆಂದು ಬೆಂಗಳೂರು ರೋಡಿನ ಮೊಬೈಲ್ ಅಂಗಡಿಗೆ ಹೋದೆ. ಮಾಲೀಕ ಭಾಯ್ ದೊಡ್ಡ ಮನಸ್ಸಿನವರು. ಮಾತು ಮುಗಿಯುವ ಮೊದಲೇ ಒಪ್ಪಿದರು.

"ಜರೂರ್ ಹಾಕ್ರಿ ಮಾಸ್ತರ್! ಎಷ್ಟು ಅಡಿ?"

"ಅಡಿ ಅಲ್ಲ ಭಾಯ್, ಕಂಪ್ಯೂಟರ್ ಪರದೆ ಮ್ಯಾಲ ಇಷ್ಟ ಜಾಗ," ಎಂದು ಅಂಗೈ ತೋರಿಸಿದೆ.

ಭಾಯ್ ಮುಖ ಸಣ್ಣದಾಯಿತು. "ಇಷ್ಟನಾ? ರಾಯಲ್ ಸರ್ಕಲ್‌ದಾಗ ನಂದು ನಾಲ್ಕು ಬೈ ಆರು ಫ್ಲೆಕ್ಸ್ ಐತಿ. ಹೋಗ್ಲಿ ಬಿಡ್ರಿ. ಆದ್ರ ಫೋಟೋದಾಗ ಯಾರನ್ನೂ ಬಿಡಬ್ಯಾಡ್ರಿ."

ಅವರು ಕೊಟ್ಟ ಫೋಟೋಗಳಲ್ಲಿ ತಂದೆ, ಇಬ್ಬರು ಅಣ್ಣಂದಿರು, ಓಣಿಯ ಹಿರಿಯರು, ಕ್ರಿಕೆಟ್ ತಂಡದ ಹುಡುಗರು, ಎಲ್ಲರ ಮೇಲೆ ಕಪ್ಪು ಕನ್ನಡಕದ ಭಾಯ್ ಇದ್ದರು. ಅಂಗೈ ಜಾಗದಲ್ಲಿ ಎಲ್ಲರನ್ನೂ ತುಂಬಿದಾಗ ಒಬ್ಬೊಬ್ಬರು ಸಾಸಿವೆಕಾಳಿನಷ್ಟಾದರು.

"ಭಾಯ್, ಮೊಬೈಲ್ ಫೋಟೋ ಹಾಕಾಕ ಜಾಗ ಉಳಿಲಿಲ್ಲಲ್ಲ."

"ಮೊಬೈಲ್ ಅಂಗಡಿಯಾಗ ಐತಿ, ಬಂದು ನೋಡ್ತಾರ. ಅಣ್ಣನ್ನ ಬಿಟ್ರ ಮನಿಯಾಗ ಜಗಳ ಆಗತೈತಿ."

ಕಡೆಗೆ ಮಾದರಿ ಸಿದ್ಧವಾಯಿತು. ಅಂಗಡಿಯ ಕಂಪ್ಯೂಟರಿನಲ್ಲೇ ತೋರಿಸಿದೆ. ಭಾಯ್ "ಕ್ಯಾ ಬಾತ್ ಹೈ" ಎಂದು ಬೆನ್ನು ತಟ್ಟಿ, ದುಡ್ಡಿಗೆಂದು ಗಲ್ಲಾಪೆಟ್ಟಿಗೆಗೆ ಕೈ ಹಾಕಿದರು. ನಾನು ಅಂಗೈ ಚಾಚಿದೆ. ಸರಿಯಾಗಿ ಆ ಹೊತ್ತಿಗೆ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಭಾಯ್ ಗಲ್ಲಾಪೆಟ್ಟಿಗೆಯಿಂದ ಕೈಯನ್ನು ಮೆಲ್ಲಗೆ ಹೊರತೆಗೆದರು.

"ನೋಡ್ರಿ ಮಾಸ್ತರ್, ಸರ್ಕಲ್‌ದಾಗ ಕರೆಂಟ್ ಹೋದ್ರೂ ನಾನು ಅಲ್ಲೇ ಇರ್ತೀನಿ."

ನಿಂಬೆಹಣ್ಣು

ದೀಪಾವಳಿಗೆ ವಾರವಿತ್ತು. ಕೆಲಸವೊಂದಕ್ಕೆ ಕುರುಗೋಡಿಗೆ ಹೋದವನು ಊಟಕ್ಕೆಂದು ರಸ್ತೆ ಬದಿಯ ಖಾನಾವಳಿ ಹೊಕ್ಕೆ. ಆ ಕಡೆಯ ಫ್ಯಾಕ್ಟರಿಗಳಿಗೆ ಅದಿರು ಹೊರುವ ಲಾರಿ ಡ್ರೈವರುಗಳು ಬೆಂಚು ತುಂಬ ಕೂತಿದ್ದರು. ಎಲ್ಲರ ಎಡಗೈಯಲ್ಲಿ ಮೊಬೈಲು. ನನ್ನ ಪಕ್ಕದವನ ಮೊಬೈಲಿನಲ್ಲಿ ಕನ್ನಡ ಅಕ್ಷರ ಮುತ್ತಿನಂತೆ ಕಾಣುತ್ತಿತ್ತು. ಆಗಿನ ಮೊಬೈಲುಗಳಲ್ಲಿ ಕನ್ನಡವೆಂದರೆ ಬರೀ ಚೌಕ ಚೌಕ. ಹೇಗೆ ಸರಿಮಾಡಿದಿರಿ ಎಂದು ಕೇಳಿದೆ.

"ನಮ್ಮ ಬಳ್ಳಾರಿಯಾಗ ಯಾರೋ ಮಾಸ್ತರು ಬರದಾರ್ರಿ, ಅದನ್ನ ನೋಡಿ ಮಾಡ್ಕೊಂಡ್ವಿ. ಲೋಡಿಂಗ್ ಲೈನಿನ್ಯಾಗ ನಿಂತಾಗೆಲ್ಲ ಅವರದ ಓದತೀವಿ."

ಕೈಯಲ್ಲಿದ್ದ ರೊಟ್ಟಿಯನ್ನು ಎಲೆಗೆ ಇಟ್ಟೆ. "ಆ ಮಾಸ್ತರ್ ನಾನ ಅದೀನಿ," ಎಂದೆ. ಅಷ್ಟೇ. ಖಾನಾವಳಿಯಲ್ಲಿ ಗದ್ದಲವೆದ್ದಿತು. ಒಬ್ಬ ಕೈ ಕುಲುಕಿದ, ಒಬ್ಬ ತನ್ನ ಎಲೆಯ ಶೇಂಗಾ ಹೋಳಿಗೆ ನನ್ನ ಎಲೆಗೆ ಹಾಕಿದ. ಖಾನಾವಳಿಯ ಅಮ್ಮ ಸೌಟು ಹಿಡಿದೇ ಹೊರಬಂದರು.

"ಇವರೆಲ್ಲಾ ನೀ ಬರದಿದ್ದು ಕೇಳ್ತಾರನು ತಮ್ಮಾ? ಕೈ ತೊಳಕೊಂಡು ಕುಂದರ್ರಿ ಅಂದ್ರ ನನ್ನ ಮಾತು ಒಬ್ಬನೂ ಕೇಳಂಗಿಲ್ಲ!"

ಇಂಥ ಮುಹೂರ್ತ ಬಿಟ್ಟರೆ ಕೆಡುತ್ತದೆಂದು ಜಾಹೀರಾತಿನ ಮಾತು ತೆಗೆದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಲಾರಿ ನಿಲ್ಲಿಸಲು ಜಾಗ ಎಂದೆಲ್ಲ ನನ್ನ ಬ್ಲಾಗಿನಲ್ಲಿ ಹಾಕೋಣವೆಂದೆ. ಅದರ ಜತೆಗೆ ನನ್ನದೊಂದು ಸಲಹೆ: ಗೋಡೆಗೆ ಸಾಲಾಗಿ ಪ್ಲಗ್ಗು ಹಾಕಿಸಿ, 'ಮೊಬೈಲ್ ಚಾರ್ಜಿಂಗ್ ಫ್ರೀ' ಎಂದು ಸಾರೋಣ. ಅಮ್ಮ ಒಪ್ಪಿದರು. ಆದರೆ ಪೂಜೆಯಿಲ್ಲದೆ ಸುರು ಮಾಡಬಾರದೆಂದರು.

ಎರಡು ದಿನ ಬಿಟ್ಟು ನನ್ನ ಹಳೆಯ ಲ್ಯಾಪ್‌ಟಾಪು ಮೌಸಿನ ಸಮೇತ ಹೊತ್ತು ಹೋದೆ. ಅಮ್ಮ ಅದಕ್ಕೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಕಾಯಿ ಒಡೆದರು. ಕಾಯಿನೀರು ಬೀಳದಂತೆ ನಾನು ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗವಚಿಕೊಂಡೆ. ಆಮೇಲೆ ಅವರು ಮೌಸಿನ ಮುಂದೆ ಒಂದು ನಿಂಬೆಹಣ್ಣು ಇಟ್ಟರು.

"ಹಾಯಿಸು ತಮ್ಮಾ. ಹೊಸಾದು ಯಾವುದ ಇದ್ರೂ ನಿಂಬಿಹಣ್ಣಿನ ಮ್ಯಾಲ ಹಾಯಬೇಕು."

ಮೌಸನ್ನು ನೂಕಿದೆ. ನಿಂಬೆಹಣ್ಣು ಉರುಳಿ ಪಕ್ಕಕ್ಕೆ ಹೋಯಿತು. ಡ್ರೈವರುಗಳು ಸುತ್ತ ನೆರೆದರು. "ಹಿಂದ ತಗೋರಿ ಸರ್, ಬರ್ಲಿ ಬರ್ಲಿ ಬರ್ಲಿ, ಎಡಕ ಕಟ್ ಮಾಡ್ರಿ, ಈಗ ಮುಂದ ಒಗೀರಿ!" ಬೆವರಿಳಿಸಿಕೊಂಡು ಹಾಯಿಸಿದೆ. ಮೌಸು ಹತ್ತಿ ಇಳಿಯಿತು, ನಿಂಬೆಹಣ್ಣು ಹಾಗೇ ಕೂತಿತ್ತು. ಹಿರಿಯ ಡ್ರೈವರೊಬ್ಬ ತಲೆಯಾಡಿಸಿ ಕಾರಣ ಹೇಳಿದ.

"ಗಾಡಿ ಖಾಲಿ ಐತ್ರಿ ಸರ್. ಲೋಡ್ ಇದ್ದಿದ್ರ ಒಡಿತಿತ್ತು."

ಹೆಂಡತಿಯ ಅಣ್ಣನ ಫೋನು

ಅಮ್ಮ ಎಲೆ ಅಡಿಕೆಯ ಮೇಲೆ ದುಡ್ಡಿಟ್ಟು ಕೊಟ್ಟರು. ಅದನ್ನು ತಂದು ಹೆಂಡತಿಯ ಕೈಗಿಟ್ಟೆ. ಅವಳು ಅನುಮಾನದಿಂದಲೇ ದೇವರ ಮುಂದಿಟ್ಟಳು. "ಒಂದು ಬಂದೈತಿ ಖರೆ. ಜನ ಹೋದ್ರ ಅಲ್ಲಾ ಮುಂದ? ಹೋಗಲಿಲ್ಲಂದ್ರ ಆ ಅಮ್ಮ ಬರೋ ತಿಂಗಳ ಕೊಡತಾಳಾ?" ಮಾತು ಸರಿಯಾಗಿತ್ತು.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ, ಫೋನು ಬಡಿದುಕೊಂಡಿತು. ಹೆಂಡತಿಯ ಅಣ್ಣ. ಯಾವಾಗ ಆಫೀಸಿಗೆ ಬರುತ್ತೀರೆಂದು ಕೇಳಲಿಕ್ಕೇ ಎಂದು ಹೆದರಿದೆ; ಎಣ್ಣೆಗೈಯಾದ್ದರಿಂದ ಸ್ಪೀಕರಿಗೆ ಹಾಕಿದೆ.

"ಭಾವ, ಆ ಕುರುಗೋಡಿನ ಜಾಹೀರಾತು ನಿಮ್ಮದಾ?"

"ಹೌದ್ರಿ."

"ಮೊದಲ ತೆಗೀರಿ ಅದನ್ನ! ನನ್ನ ಎರಡೂ ಲಾರಿ ಅಲ್ಲೇ ನಿಂತಾವು! ಊಟ ಯಾವಾಗೋ ಮುಗದೈತಿ, ಫೋನ್ ಫುಲ್ ಚಾರ್ಜ್ ಆಗೋತನಾ ಡ್ರೈವರಗೋಳು ಏಳವಲ್ಲರು! ನನ್ನ ಗಾಡಿ ಅಷ್ಟ ಅಲ್ಲ, ನಮ್ಮ ಸಂಘದ ಗಾಡಿ ಎಲ್ಲಾ ಅಲ್ಲೇ ಲೈನ್ ಹಚ್ಯಾವು!"

ನನಗೆ ನಗು ತಡೆಯಲಾಗಲಿಲ್ಲ. ಎಣ್ಣೆ ಮೈಯಲ್ಲೇ ಎದ್ದು ನಿಂತೆ. "ಲೈನ್ ಹಚ್ಯಾವಾ? ಅಷ್ಟೊಂದು ಮಂದಿ ಓದ್ಯಾರಾ?"

"ನಗಬ್ಯಾಡ್ರಿ ಭಾವ! ಆ ಅಮ್ಮ ಹಾಕಾಕ ಎಷ್ಟು ಕೊಟ್ಟಾಳೋ ಅದಕ್ಕಿಂತ ಜಾಸ್ತಿ ನಾನು ತೆಗಿಯಾಕ ಕೊಡತೀನಿ. ತೆಗೀರಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಸೀಗೆಕಾಯಿ ಕೈಯಲ್ಲೇ ಬಂದು ಫೋನು ಕಸಿದುಕೊಂಡಳು. ಅಷ್ಟು ದಿನ ಅಣ್ಣನ ಆಫೀಸಿನ ಗುಣಗಾನ ಮಾಡಿದವಳ ದನಿಯೇ ಬದಲಾಗಿತ್ತು.

"ಅಣ್ಣಾ, ಇವರು ನಿನ್ನ ಆಫೀಸಿಗೆ ಬರಂಗಿಲ್ಲ, ಭಾಳ ಕೆಲಸ ಐತಿ ಇವರಿಗೆ. ಜಾಹೀರಾತಿನ ವ್ಯವಹಾರ ಏನಾರ ಇದ್ರ ಹಬ್ಬ ಮುಗಿಸ್ಕೊಂಡು ನೀನ ನಮ್ಮ ಆಫೀಸಿಗೆ ಬಾ. ಬರೋವಾಗ ನಿನ್ನ ಲಾರಿದೂ ಒಂದು ಚಲೋ ಫೋಟೋ ತಗೊಂಡ್ ಬಾ, ಬ್ಲಾಗಿನ್ಯಾಗ ಖಾನಾವಳಿ ಪಕ್ಕದ ಜಾಗ ಇನ್ನಾ ಖಾಲಿ ಐತಿ."