ಹನ್ನೆರಡು ಕೋಟು, ಒಂದೇ ಚೀಟಿ

“ಈ ಸಲ ಸಂಖ್ಯಾಶಾಸ್ತ್ರದ ಸೊಕ್ಕು ಮುರಿದೇ ತೀರ್ತೀನಿ!” ಎಂದು ಪಂಡಿತರು ಊಟದ ಮೇಜು ಗುದ್ದಿದರು. ನೀರಿನ ಲೋಟ ಮಗುಚಿ ಅವರ ಮಡಿಲಿಗೇ ಬಿತ್ತು. ಶಾಸ್ತ್ರಕ್ಕೆ ಏನೂ ಆಗಲಿಲ್ಲ.

ಪಂಡಿತ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಜನನ ಮರಣ ನೋಂದಣಿ ಕಚೇರಿಯ ಈ ಗುಮಾಸ್ತರಿಗೆ ನಲವತ್ತನೇ ವಯಸ್ಸಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡುವ ಹುಮ್ಮಸ್ಸು ಬಂದಿತ್ತು. ಕುಟುಂಬ, ವರ್ಗ, ಸಮುದಾಯ ಅಂತೆಲ್ಲ ಪುಟಗಟ್ಟಲೆ ಗೀಚಿ ಉಳಿದ ಪತ್ರಿಕೆಗಳನ್ನು ದಾಟಿಯೂ ಬಿಟ್ಟರು. ಸಂಖ್ಯಾಶಾಸ್ತ್ರ ಮಾತ್ರ ಎರಡು ಸಲ ಮಕಾಡೆ ಮಲಗಿಸಿತು. ಇದು ಮೂರನೆಯ, ಕೊನೆಯ ಅವಕಾಶ. ಇದೂ ಕೈಕೊಟ್ಟರೆ ಮೂರು ವರ್ಷದ ಓದು ಮಣ್ಣುಪಾಲು!

ಅಷ್ಟರಲ್ಲಿ ಕಾಲೇಜಿನ ಸಂಖ್ಯಾಶಾಸ್ತ್ರದ ಮೇಡಂ ಕರುಣೆ ತೋರಿದರು. “ಮನೆಯಲ್ಲೇ ಅಂಕಿ ಅಂಶ ಕಲೆಹಾಕಿ, ಸರಾಸರಿ ತೆಗೆದು, ಅದನ್ನ ಬಳಸಿ ನೋಡಿ. ಏನು ಕಲಿತಿರಿ ಅಂತ ಸೋಮವಾರದೊಳಗೆ ಬರೆದು ಕೊಡಿ. ಚೆನ್ನಾಗಿದ್ರೆ ಪಾಸು, ಇಲ್ಲದಿದ್ರೆ ನಮಸ್ಕಾರ.”

ಅಂಕಿ ಅಂಶಕ್ಕೆ ಪಂಡಿತರು ಹೊಸ್ತಿಲೂ ದಾಟಬೇಕಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಹೆಂಡತಿಯ ಟೈಲರಿಂಗ್ ಅಂಗಡಿ. ಮಂಗಳವಾರ ಬೆಳಿಗ್ಗೆ ಆಕೆ ಚೀಲ ಹೆಗಲಿಗೇರಿಸಿ ಹೊರಟು ನಿಂತಳು.

“ರೀ, ಅಕ್ಕನ ಆಪರೇಷನ್ನು. ಎರಡು ದಿನ ಆಸ್ಪತ್ರೇಲಿರ್ತೀನಿ. ಹಾಡಿನ ತಂಡದವರ ಹನ್ನೆರಡು ಕೋಟಿನ ಅಳತೆ ಈ ಬುಕ್ಕಲ್ಲಿದೆ. ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆದು ಕಟಿಂಗ್ ಮಾಸ್ಟರ್‌ಗೆ ಕೊಡಿ. ಶನಿವಾರ ಸಂಜೆ ಅವರ ಕಾರ್ಯಕ್ರಮ ಇದೆ, ತಪ್ಪಬಾರದು.”

“ಇಷ್ಟೇ ತಾನೇ?”

“ಇಷ್ಟೇ. ಸುಮ್ನೆ ನೋಡ್ಕೊಂಡು ಬರೀರಿ. ತಲೆ ಉಪಯೋಗಿಸೋಕೆ ಮಾತ್ರ ಹೋಗ್ಬೇಡಿ.”

ಆಕೆಯ ಅಕ್ಷರ ಆಕೆಗೆ ಮತ್ತು ಹದಿನೈದು ವರ್ಷ ಸಂಸಾರ ಮಾಡಿದ ಗಂಡನಿಗೆ ಮಾತ್ರ ಅರ್ಥವಾಗುವಂಥದ್ದು. ಹಾಗಾಗಿಯೇ ಈ ಚೀಟಿ ಬರೆಯುವ ಕೆಲಸ ಪಂಡಿತರ ಪಾಲಿಗೆ ಬಂತು. ಪುಸ್ತಕ ಬಿಚ್ಚಿದ್ದೇ ತಡ, ಅವರ ಕಣ್ಣರಳಿತು. ಹನ್ನೆರಡು ಎದೆಯಳತೆ! ಕೂಡಿದರೆ ನಾನೂರ ಎಂಟು, ಹನ್ನೆರಡರಿಂದ ಭಾಗಿಸಿದರೆ ಮೂವತ್ತನಾಲ್ಕು ಇಂಚು. ದಶಮಾಂಶದ ಬಾಲವೂ ಇಲ್ಲ! ಎರಡು ಸಲ ಕೈಕೊಟ್ಟ ಶಾಸ್ತ್ರ ಈಗ ತಾನಾಗಿ ಬಂದು ಕಾಲಿಗೆ ಬಿದ್ದಿದೆ ಎಂದೇ ಅವರಿಗೆ ಅನಿಸಿತು. ಉದ್ದಕ್ಕೂ ತೋಳಿಗೂ ಅದೇ ಉಪಚಾರ ನಡೆಯಿತು.

ಕಟಿಂಗ್ ಮಾಸ್ಟರ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ಸಾರ್, ಹನ್ನೆರಡು ಜನಕ್ಕೂ ಒಂದೇ ಚೀಟೀನಾ?”

“ಯೂನಿಫಾರಂ ಅಲ್ವೇನಯ್ಯಾ? ಇದು ವಿಜ್ಞಾನ, ನಿನಗೆ ಅರ್ಥ ಆಗಲ್ಲ.”

“ಅಮ್ಮಾವ್ರು ಏನಂತಾರೋ...”

“ಅಮ್ಮಾವ್ರ ಶ್ರಮ ಉಳಿಸ್ತಾ ಇದ್ದೀನಿ, ಕತ್ತರಿಸು!”

“ಚೀಟಿಯಲ್ಲಿ ಇದ್ದಿದ್ದು ಕತ್ತರಿಸೋದಷ್ಟೇ ನನ್ನ ಕೆಲಸ. ಆಮೇಲೆ ನನ್ನನ್ನ ಕೇಳಬಾರ್ದು,” ಎಂದು ಮಾಸ್ಟರ್ ಆ ಚೀಟಿಯನ್ನು ಜೋಪಾನವಾಗಿ ಜೇಬಿಗಿಳಿಸಿದ. ಅನುಭವಸ್ಥ.

ಆಸ್ಪತ್ರೆಯಿಂದ ಹೆಂಡತಿ ಫೋನ್ ಮಾಡಿ, “ಚೀಟಿ ಕೊಟ್ರಾ?” ಎಂದು ಕೇಳಿದಳು. “ಕೊಟ್ಟೆ” ಎಂದರು ಪಂಡಿತರು. ಸುಳ್ಳೇನೂ ಅಲ್ಲವಲ್ಲ!

ಅಂಗಡಿಯ ಹೊಲಿಗೆಯವರು ಹಗಲು ರಾತ್ರಿ ಕೂತು ಹನ್ನೆರಡೂ ಕೋಟು ಹೊಲಿದು ಮುಗಿಸಿದರು. ಗುರುವಾರ ಮಧ್ಯಾಹ್ನ ಆಕೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹಾಡಿನ ತಂಡವೂ ಕೋಟು ತೊಟ್ಟು ನೋಡಲು ಬಂದಿಳಿಯಿತು. ಆರು ಮಕ್ಕಳು, ಆರು ಮಂದಿ ದೊಡ್ಡವರು. ಮಕ್ಕಳ ಕೋಟಿನ ತೋಳುಗಳು ನೆಲ ಗುಡಿಸಿದವು. ಎಲ್ಲರಿಗಿಂತ ಚಿಕ್ಕವಳು ಕೋಟಿನೊಳಗೇ ಒಂದು ಸುತ್ತು ತಿರುಗಿದಳು, ಕೋಟು ನಿಂತಲ್ಲೇ ನಿಂತಿತ್ತು! ತಂಡದ ಯಜಮಾನರಾದ ಸಂಗೀತ ಮೇಷ್ಟ್ರು ಒಂದು ಕೈ ತೂರಿಸಿ, ಇನ್ನೊಂದನ್ನು ಅರ್ಧ ತೂರಿಸಿ, ಅಲ್ಲೇ ಸಿಕ್ಕಿಕೊಂಡರು. ಒಂದು ಗುಂಡಿ ಹಾರಿ ಕನ್ನಡಿಗೆ ಬಡಿಯಿತು.

“ಹಾಡೋಕೆ ಮುಂಚೆ ಉಸಿರಾದ್ರೂ ಆಡಬೇಕಲ್ಲಮ್ಮಾ!” ಎಂದು ಮೇಷ್ಟ್ರು ಏದುಸಿರು ಬಿಟ್ಟರು.

ಮಾಸ್ಟರ್ ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಹೆಂಡತಿ ಒಂದು ಸಲ ಚೀಟಿ ನೋಡಿದಳು, ಒಂದು ಸಲ ಗಂಡನನ್ನು ನೋಡಿದಳು.

“ಏನ್ರೀ ಇದು?”

“ಸರಾಸರಿ ಕಣೇ. ಲೆಕ್ಕ ಪಕ್ಕಾ ಇದೆ, ಬೇಕಾದ್ರೆ ನೋಡು. ಕೆಲವರಿಗೆ ದೊಡ್ಡದಾಗಿದೆ, ಕೆಲವರಿಗೆ ಚಿಕ್ಕದಾಗಿದೆ. ಹೆಚ್ಚು ಕಮ್ಮಿ ಎಲ್ಲ ಕೂಡಿದ್ರೆ ಒಟ್ಟು ತಪ್ಪು ಸೊನ್ನೆ!”

“ಹಾಗಾದ್ರೆ ಶನಿವಾರ ಆ ಸೊನ್ನೆಗೇ ಕೋಟು ಹಾಕಿ ಹಾಡಿಸಿ!”

ಮಕ್ಕಳು ಕಿಸಕ್ಕೆಂದರು. ಪಂಡಿತರ ಮುಖ ಹುಳ್ಳಗಾಯಿತು.

“ಮಕ್ಕಳೆಲ್ಲ ಇಪ್ಪತ್ತೈದರ ಆಸುಪಾಸು, ದೊಡ್ಡವರೆಲ್ಲ ನಲವತ್ತಮೂರರ ಆಸುಪಾಸು. ನಿಮ್ಮ ಮೂವತ್ತನಾಲ್ಕರಲ್ಲಿ ಒಂದು ನರಪಿಳ್ಳೆ ಇದೆಯೇನ್ರೀ? ಇಲ್ಲದೇ ಇರೋ ಮನುಷ್ಯನಿಗೆ ಹನ್ನೆರಡು ಕೋಟು! ಮೊದಲು ಯಾರು ಯಾವ ಗುಂಪು ಅಂತ ವಿಂಗಡಿಸ್ಬೇಕು. ಆಮೇಲೆ ಒಬ್ಬೊಬ್ಬರು ಎಷ್ಟೆಷ್ಟು ಆಚೀಚೆ ಇದ್ದಾರೆ ನೋಡ್ಬೇಕು. ಬರೀ ಸರಾಸರಿ ನಂಬ್ಕೊಂಡು ಯಾವ ಟೈಲರೂ ಕತ್ತರಿ ಹಿಡಿಯಲ್ಲ.”

ಎರಡು ವರ್ಷದಿಂದ ತಲೆಗೆ ಹತ್ತದ ಸಂಖ್ಯಾಶಾಸ್ತ್ರದ ಪಾಠ ಪೂರ್ತಿ ಆಕೆಯ ಮಾತಿನಲ್ಲಿತ್ತು! ಪಂಡಿತರು ನೋಟ್‌ಬುಕ್ಕಿಗೆ ಓಡಿದರು.

“ಇನ್ನೊಂದು ಸಲ ಹೇಳೇ, ಬರ್ಕೊಳ್ತೀನಿ.”

“ಮೊದಲು ಹೊಲಿಗೆ ಬಿಚ್ಚಿ!”

ಬಿಚ್ಚಿದರು. ಕಚೇರಿಗೆ ರಜೆ ಹಾಕಿ ಶುಕ್ರವಾರವಿಡೀ ಬಿಚ್ಚಿದರು, ಇಸ್ತ್ರಿ ಹಾಕಿದರು, ಸೂಜಿ ಚುಚ್ಚಿಸಿಕೊಂಡು ಬೆರಳು ಚೀಪಿದರು. ಮಕ್ಕಳ ಆರು ಕೋಟುಗಳನ್ನು ಹೆಂಡತಿ ಕತ್ತರಿಸಿ ಇಳಿಸಿದಳು. ದೊಡ್ಡವರ ಆರಕ್ಕೆ ಎರಡೂ ಪಕ್ಕೆಗೆ ಬೂದು ಬಟ್ಟೆಯ ಅಗಲ ಪಟ್ಟಿ ಕೂಡಿಸಿ, ತೋಳಿನ ತುದಿಗೂ ಅಂಚಿಗೂ ಅದನ್ನೇ ಹಚ್ಚಿದಳು. ಶನಿವಾರ ಸಂಜೆ ವೇದಿಕೆಯ ಮೇಲೆ ನೋಡಿದವರೆಲ್ಲ ಅದೇ ಹೊಸ ಫ್ಯಾಷನ್ ಅಂದುಕೊಂಡರು.

ಭಾನುವಾರ ಪಂಡಿತರು ನಡೆದದ್ದನ್ನು ನಡೆದ ಹಾಗೆ ಬರೆದರು. ತಮ್ಮ ಲೆಕ್ಕ ಮೊದಲ ಪುಟದಲ್ಲಿ, ಹೆಂಡತಿಯ ಬೈಗುಳ ಎರಡನೇ ಪುಟದಲ್ಲಿ. ಬೈಗುಳದಿಂದ ಬೈಗುಳವನ್ನಷ್ಟೇ ತೆಗೆದು, ಪಾಂಡಿತ್ಯವನ್ನು ಉಳಿಸಿ, ಯಾರ ಮಾತು ಎನ್ನುವುದನ್ನು ಮರೆತು!

ವಾರದ ನಂತರ ಉತ್ತರ ಬಂತು. ಪಂಡಿತರು ಕುಣಿಯುತ್ತಲೇ ಅಂಗಡಿಗೆ ನುಗ್ಗಿದರು.

“ಪಾಸು ಕಣೇ, ಪಾಸು!”

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ, ಕಾಗದ ಇಸಿದುಕೊಂಡು, ಮೇಡಂ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದಳು: “ತೇರ್ಗಡೆ. ಮೊದಲ ಪುಟದ ಲೆಕ್ಕ ನಿಮ್ಮದು, ನೋಡಿದರೇ ಗೊತ್ತಾಗುತ್ತದೆ. ಎರಡನೇ ಪುಟದ ತಿಳಿವಳಿಕೆ ಯಾರದು?”

ಕತ್ತರಿಸುತ್ತಿದ್ದ ಮಾಸ್ಟರ್ ಕೈ ತಡೆದು ಕಿವಿ ನಿಮಿರಿಸಿದ.

“ಹಾಗಾದ್ರೆ ಪಾಸಾಗಿದ್ದು ಯಾರು?” ಎಂದಳು ಹೆಂಡತಿ.

ಪಂಡಿತರು ಗಂಟಲು ಸರಿಮಾಡಿಕೊಂಡರು. “ನಾವು.”

“ಮತ್ತೆ ಸರಾಸರಿ ತೆಗೆದ್ರಾ?”